ಬಿಚ್ಚದ ರೊಟ್ಟಿಗಂಟು

ಕಳೆದ ವರ್ಷ ರೊಟ್ಟಿ ಪಂಚಮಿಯ ಬೆಳಿಗ್ಗೆ ಮೊರಬದಿಂದ ದುಮ್ಮವಾಡಕ್ಕೆ ಇಪ್ಪತ್ತೈದು ಖಡಕ್ ರೊಟ್ಟಿ ಒಯ್ದೆ. ನಾಗರಪಂಚಮಿಯ ಮುನ್ನಾದಿನ ಮನೆಮನೆಗೆ ರೊಟ್ಟಿ ಹಂಚುವುದು ನಮ್ಮ ಕಡೆಯ ವಾಡಿಕೆ. ಗಂಟು ಕಟ್ಟಿದವಳು ನನ್ನ ಸೋದರತ್ತೆ. ಅದು ಮುಟ್ಟಬೇಕಾದದ್ದು ಆಕೆಯ ಬೀಗಿತ್ತಿಗೆ, ಅಂದರೆ ಮಗಳ ಅತ್ತೆಗೆ.

ಅದರ ಹಿಂದಿನ ವರ್ಷದ ರೊಟ್ಟಿ ದಾರಿಯಲ್ಲೇ ಪುಡಿಯಾಗಿತ್ತು. ಬೀಗಿತ್ತಿ ಫೋನಿನಲ್ಲಿ ಕೇಳಿದ್ದರು: "ಯಾಕ್ರಿ ಅಕ್ಕಾರ, ನಿಮ್ಮೂರಾಗ ರೊಟ್ಟಿ ಬಡಿಯೂದಿಲ್ಲೇನ್ರಿ, ಬರೇ ಕುಟ್ಟತೀರೇನು?"

ಅಂದಿನಿಂದ ಅತ್ತೆ ಆ ಮನೆಗೆ ಫೋನ್ ಮಾಡಿರಲಿಲ್ಲ.

"ಲೇ, ನೀ ಪೇಪರ್‌ನ್ಯಾಗ ಬರಿಯಾಂವ. ಒಂದೂ ಮುಕ್ಕಾಗಿಲ್ಲ ಅನ್ನಾಕ ಇಂಗ್ಲಿಷ್‌ನ್ಯಾಗ ಏನಂತಾರ? ಚೀಟಿ ಬರದು ಹಚ್ಚು. ಆಕಿ ಪಿಯುಸಿ ಓದೀನಿ ಅಂತ ಭಾಳ ಮೆರೀತಾಳ," ಎಂದಳು ಅತ್ತೆ, ಕಳೆದ ವರ್ಷದ ಗಂಟು ಕಟ್ಟುತ್ತ.

‘ಇಂಟ್ಯಾಕ್ಟ್’ ಎಂದು ಬರೆದುಕೊಟ್ಟೆ. ಮುರಿಯುವ ಸಂಭವವಿದ್ದೂ ಮುರಿಯದೆ ಉಳಿದದ್ದಕ್ಕೆ ಈ ಪದ, ಮೆತ್ತನೆಯ ರೊಟ್ಟಿಗೆ ಯಾರೂ ಹೀಗೆ ಹೇಳುವುದಿಲ್ಲ, ಖಡಕ್ ರೊಟ್ಟಿಗಾದರೂ ಊರು ಮುಟ್ಟಿದ ಮೇಲೆ ಹೇಳಬೇಕು ಎಂದೆ. ಅತ್ತೆ ಅಷ್ಟರಲ್ಲಿ ಚೀಟಿಗೆ ಪಿನ್ನು ಚುಚ್ಚಿಯಾಗಿತ್ತು.

ಖಚಿತಪಡಿಸಿಕೊಳ್ಳದೆ ಏನನ್ನೂ ಬರೆಯಬಾರದು ಎಂಬುದು ನನ್ನ ಕೆಲಸದ ನಿಯಮ. ಚೀಟಿ ನನ್ನ ಕೈಬರಹ. ಹಾಗಾಗಿ ಧಾರವಾಡದಲ್ಲಿ ಬಸ್ಸು ಬದಲಿಸುವಾಗ ಗಂಟು ಬಿಚ್ಚಿ ನೋಡಿದೆ. ಇಪ್ಪತ್ತೈದೂ ನೆಟ್ಟಗಿದ್ದವು. ಮತ್ತೆ ಕಟ್ಟುವಾಗ ಒಂದು ಮುರಿಯಿತು. ತಿಂದೆ. ಮುಂದೆ ಬಸ್ಸು ದೊಡ್ಡ ತಗ್ಗಿಗೆ ಇಳಿದು ಎದ್ದಿತು, ಮತ್ತೆ ಬಿಚ್ಚಿದೆ. ತಗ್ಗಿನಿಂದ ಏನೂ ಆಗಿರಲಿಲ್ಲ. ಕಟ್ಟುವಾಗ ಎರಡು ಮುರಿದವು. ಒಂದನ್ನು ತಿಂದೆ, ಇನ್ನೊಂದನ್ನು ಕಂಡಕ್ಟರಿಗೆ ಕೊಟ್ಟೆ.

"ಅಗದಿ ಚಲೋ ಅದಾವ್ರಿ," ಎಂದ ಅವನು. "ಇನ್ನೊಮ್ಮಿ ಯಾವಾಗ ಬಿಚ್ಚತೀರಿ?"

ಮತ್ತೆ ಬಿಚ್ಚಲಿಲ್ಲ.

ದುಮ್ಮವಾಡದಲ್ಲಿ ಬೀಗಿತ್ತಿ ಚೀಟಿಯನ್ನು ಎರಡು ಸಲ ಓದಿದರು. ಒಳಗೆ ಇಪ್ಪತ್ತೆರಡಿವೆ ಎಂದೆ, ಕಾರಣವನ್ನೂ ಹೇಳಿದೆ. ಗಂಟಿನ ಮೇಲಿಟ್ಟಿದ್ದ ಕೈಯನ್ನು ಅವರು ಹಿಂದಕ್ಕೆ ತೆಗೆದುಕೊಂಡರು.

"ಹಂಗಾರ ನಾ ಬಿಚ್ಚಂಗಿಲ್ರಿ. ಒಂದ ಮುರದ್ರೂ, ನಾ ನೆಟ್ಟಗ ಕಳಿಸಿದ್ದೆ, ಆಕೀನ ಮುರದ್ಲು ಅಂತ ನಿಮ್ಮತ್ತಿ ಊರ ತುಂಬ ಹೇಳ್ತಾರ."

ಗಂಟನ್ನು ಹಾಗೆಯೇ ಗೋಡೆಯ ಮಾಡದಲ್ಲಿಟ್ಟು, ನನಗೆ ಬಿಸಿ ಚಪಾತಿ ಬಡಿಸಿದರು.

ಈಗ ಅತ್ತೆ ವಾರಕ್ಕೊಮ್ಮೆ ಫೋನ್ ಮಾಡುತ್ತಾಳೆ. "ಹೆಂಗದಾವ್ರಿ ರೊಟ್ಟಿ?"

"ಚೀಟ್ಯಾಗ ಬರದಂಗ ಅದಾವ್ರಿ," ಎನ್ನುತ್ತಾರೆ ಬೀಗಿತ್ತಿ.

ಈ ವರ್ಷದ ರೊಟ್ಟಿ ಪಂಚಮಿಯೂ ಮುಗಿಯಿತು. ಪಿನ್ನಿಗೆ ತುಕ್ಕು ಹಿಡಿದಿದೆ. ಗಂಟು ಮಾಡದಲ್ಲಿದೆ.