ನಮ್ದೇ ಮಿಲ್ಲಿನ ಹಿಟ್ಟು

ಕಳಸದ ಬಸ್‌ಸ್ಟ್ಯಾಂಡಿನ ಹಿಂದೆ ಹಾಲೇಶನ ಹಿಟ್ಟಿನ ಮಿಲ್ಲು. ಮೈಯೆಲ್ಲ ಹಿಟ್ಟು, ಹುಬ್ಬಿನ ಮೇಲೂ ಹಿಟ್ಟು. ಕೋಪ ಸದಾ ಮೂಗಿನ ತುದಿಯಲ್ಲೇ. ಆದರೆ ಯಾರ ಹಿಟ್ಟಿನಲ್ಲೂ ಒಂದು ಚಿಟಿಕೆ ಮುಟ್ಟಿದವನಲ್ಲ. ಎಸ್ಟೇಟಿನ ಲೈನ್‌ಮನೆಯವರಿಂದ ಹಿಡಿದು ಸಾಹುಕಾರರವರೆಗೆ ಎಲ್ಲರ ಅಕ್ಕಿ, ರಾಗಿ, ಗೋಧಿ ಅವನ ಒಂದೇ ಕಲ್ಲಿನಲ್ಲಿ ಹಿಟ್ಟಾಗುತ್ತಿತ್ತು.

ಅವನ ಮಗಳು ಭುವನಾ ಮಾತ್ರ ಬೆಳೆಯಲೇ ಇಲ್ಲ. ಉಬ್ಬಿದ ಹೊಟ್ಟೆ, ಮುಗಿಯದ ಭೇದಿ, ಕಡ್ಡಿಯಂಥ ಕೈಕಾಲು. ಜಂತುಹುಳದ ಔಷಧಿಯಾಯಿತು, ದೃಷ್ಟಿ ತೆಗೆದದ್ದಾಯಿತು. ಕೊನೆಗೆ ಮಂಗಳೂರಿನಲ್ಲಿ ರಕ್ತ ಪರೀಕ್ಷಿಸಿ, ಬಾಯಿಯಿಂದ ಕೊಳವೆ ಇಳಿಸಿ ಕರುಳಿನ ಚೂರು ತೆಗೆದು ನೋಡಿದ ಡಾಕ್ಟರಮ್ಮ, ಇದು ಸೀಲಿಯಾಕ್ ಕಾಯಿಲೆ ಅಂದರು. ಗೋಧಿಯೇ ಮಗುವಿನ ಕರುಳನ್ನು ಕೆಡಿಸುತ್ತಿತ್ತು. ಇದಕ್ಕೆ ಮಾತ್ರೆಯಿಲ್ಲ; ಗೋಧಿ, ಮೈದಾ, ರವೆ, ಬಾರ್ಲಿ ಜೀವನಪೂರ್ತಿ ಬಿಡಬೇಕು.

ಮನೆಯಲ್ಲಿ ಚಪಾತಿ, ಬಿಸ್ಕತ್ತು ಬಂದ್ ಆದವು. ಇನ್ನು ಅಕ್ಕಿರೊಟ್ಟಿ, ಕಡುಬು. ಹೊರಗಿನ ಹಿಟ್ಟನ್ನು ಹಾಲೇಶ್ ನಂಬಲಿಲ್ಲ. ಗಿರಾಕಿಗಳ ಕೆಲಸ ಮುಗಿದ ಮೇಲೆ, ಕಲ್ಲು ಚೊಕ್ಕವಾಗಲೆಂದು ಎಲ್ಲ ಮಿಲ್ಲಿನವರೂ ಮಾಡುವ ಹಾಗೆ ಒಂದು ಹಿಡಿ ಅಕ್ಕಿ ಹಾಕಿ ಕಲ್ಲು ತಿರುಗಿಸಿ, ಆ ಹಿಟ್ಟು ಚೆಲ್ಲಿ, ಮಗಳ ಅಕ್ಕಿಯನ್ನು ತಾನೇ ಬೀಸಿ ತರುತ್ತಿದ್ದ.

ಆದರೂ ಮಗು ಚೇತರಿಸಿಕೊಳ್ಳಲಿಲ್ಲ. ಮತ್ತೆ ರಕ್ತ ನೋಡಿದ ಡಾಕ್ಟರಮ್ಮ, "ಎಲ್ಲೋ ಗೋಧಿ ಹೊಟ್ಟೆಗೆ ಹೋಗ್ತಿದೆ" ಅಂದರು. ಹಾಲೇಶನಿಗೆ ರೇಗಿಹೋಯಿತು.

"ಸ್ಕೂಲಲ್ಲಿ ಕದ್ದು ಏನ್ ತಿಂದೆ? ಬಾಯಿ ಬಿಡು!"

ದಿನಾ ಇದೇ ರಾಮಾಯಣ. ಹೆಂಡತಿ ರಜನಿ ಅಡ್ಡ ಬಂದರೆ ಅವಳಿಗೂ ಬೈಗುಳ. ಒಂದು ಸಂಜೆ ಭುವನಾ ತಲೆ ತಗ್ಗಿಸಿ, "ಬಿಸ್ಕತ್ತು ತಿಂದೆ ಅಪ್ಪ" ಅಂದಳು. ಅವನು ಹೊಡೆದೇಬಿಟ್ಟ.

ಮುಂದಿನ ಸಲ ಡಾಕ್ಟರಮ್ಮ ಕೇಳಿದರು, "ಅಕ್ಕಿಹಿಟ್ಟು ಎಲ್ಲಿಂದ ತರ್ತೀರಿ?"

"ನಮ್ದೇ ಮಿಲ್ಲು ಮೇಡಂ!" ಹಾಲೇಶ್ ಎದೆಯುಬ್ಬಿಸಿ ಹೇಳಿದ.

"ಗೋಧಿನೂ ಅದ್ರಲ್ಲೇ ಬೀಸ್ತೀರಾ?"

ಅವನು ಹೌದೆಂದು ತಲೆಯಾಡಿಸಿದ. ಕಲ್ಲಿಗೆ ಅಂಟಿದ ಗೋಧಿಹಿಟ್ಟು ಒಂದು ಹಿಡಿ ಅಕ್ಕಿಗೆ ಹೋಗುವುದಿಲ್ಲ, ಉಳಿದ ಚೂರೇ ಸಾಕು ಈ ಕಾಯಿಲೆ ಕೆರಳೋಕೆ ಅಂತ ಡಾಕ್ಟರಮ್ಮ ಬಿಡಿಸಿ ಹೇಳಿದರು.

ವಾಪಸ್ ಬಸ್ಸಿನಲ್ಲಿ ಹಾಲೇಶ್ ಮೆಲ್ಲಗೆ ಕೇಳಿದ, "ಮತ್ತೆ ಬಿಸ್ಕತ್ತು ತಿಂದೆ ಅಂದಿದ್ಯಲ್ಲ, ಪುಟ್ಟಿ?"

"ತಿಂದಿರ್ಲಿಲ್ಲ. ನೀವು ಕೇಳ್ತಾನೇ ಇದ್ರಲ್ಲ."

ಘಾಟಿ ಹತ್ತುವಷ್ಟೂ ಹೊತ್ತು ಅವನಿಗೆ ಅವಳ ಮುಖ ನೋಡಲಾಗಲಿಲ್ಲ.

ಈಗ ರಜನಿ ಅಕ್ಕಿ ತೊಳೆದು ಒಣಗಿಸಿ ಮನೆಯ ಮಿಕ್ಸಿಯಲ್ಲೇ ಪುಡಿ ಮಾಡುತ್ತಾಳೆ. ಹಾಲೇಶ್ ಹಿತ್ತಲಲ್ಲಿ ಮಿಂದು ಬಟ್ಟೆ ಬದಲಿಸದೆ ಒಳಗೆ ಕಾಲಿಡುವುದಿಲ್ಲ. ಮಗಳ ಕೆನ್ನೆ ತುಂಬಿಕೊಂಡಿದೆ. ಆದರೆ ಅವಳು ಉಣ್ಣುವಾಗ ಅವನು ಅಡುಗೆಮನೆಗೆ ಬಂದರೆ, ಎತ್ತಿದ ತುತ್ತನ್ನು ತಟ್ಟೆಗಿಟ್ಟು ಹೇಳುತ್ತಾಳೆ:

"ಅಮ್ಮನೇ ಕೊಟ್ಟಿದ್ದು ಅಪ್ಪ. ಕದ್ದಿದ್ದಲ್ಲ."