ಕೈಗೆ ಕೊಡಬಾರದ ಮೆಣಸಿನಕಾಯಿ

ವಿಮಲಕ್ಕ, ನಿಮ್ಮ ಅಡುಗೆಮನೆಯ ಕಿಟಕಿಯಲ್ಲಿರುವ ಸೂಜಿಮೆಣಸಿನ ಗಿಡ ನಿಮ್ಮ ಅಮ್ಮ ಬಿತ್ತಿದ್ದಲ್ಲ. ಅಮ್ಮನ ಗಿಡ ಸತ್ತು ಮೂರು ವರ್ಷವಾಯಿತು. ನನ್ನ ಕೈಯಲ್ಲೇ ಸತ್ತಿತು. ಅದರ ಜಾಗದಲ್ಲಿ ನನ್ನದೊಂದು ಗಿಡ ನೆಟ್ಟು ನಿಮಗೆ ಕೊಟ್ಟೆ — ಕೊಟ್ಟು, ನೀವು ಹೇಳಿದ ಥ್ಯಾಂಕ್ಸನ್ನೂ ತೆಗೆದುಕೊಂಡೆ.

ಇದನ್ನು ನಿಮ್ಮೆದುರು ನಿಂತು ಹೇಳಬೇಕು. ಅದಕ್ಕೆ ಮೊದಲು ನನ್ನಷ್ಟಕ್ಕೆ ನಾನೇ ಒಮ್ಮೆ ಪೂರ್ತಿ ಹೇಳಿಕೊಳ್ಳುತ್ತಿದ್ದೇನೆ. ನಾನು ಎಂಥ ಮಾತಿನ ಮಲ್ಲಿ ಅಂತ ನಿಮಗೆ ಗೊತ್ತು. ಹೇಳಬೇಕಾದ್ದೊಂದನ್ನು ಬಿಟ್ಟು ಬೇರೆಲ್ಲ ಹೇಳಿ ಬಂದುಬಿಡುತ್ತೇನೆ.

ಈ ಪರದೇಶದ ಲಿನ್‌ವುಡ್‌ನ ಸಾಲುಮನೆಗಳಲ್ಲಿ ನಮ್ಮಿಬ್ಬರ ನಡುವೆ ಇರುವುದು ಒಂದು ಗೋಡೆ. ನಿಮ್ಮ ಒಗ್ಗರಣೆ ಘಾಟಿಗೆ ನಾನು ಸೀನುತ್ತೇನೆ. ಒಂದು ಬೇಸಿಗೆ ನಂಜನಗೂಡಿನಿಂದ ನಿಮ್ಮ ಅಮ್ಮ ಬಂದಿದ್ದಾಗ, ಸಾರಿಗೆಂದು ತಂದಿದ್ದ ಒಣ ಸೂಜಿಮೆಣಸಿನಕಾಯಿಯೊಂದನ್ನು ಮುರಿದು, ಬೀಜವನ್ನು ಮೊಸರಿನ ಖಾಲಿ ಡಬ್ಬಿಯಲ್ಲಿ ಹಾಕಿ ಫ್ರಿಜ್ಜಿನ ಮೇಲೆ ಇಟ್ಟರು. "ನಿಮ್ಮ ಮನೇಲಿ ಬೆಚ್ಚಗಿರೋ ಜಾಗ ಇದೊಂದೇ" ಅಂದಿದ್ದರು. ಅವರು ಊರಿಗೆ ಹೋದರು, ಗಿಡ ಉಳಿಯಿತು. ಮೊದಲ ಸಲ ಕಾಯಿ ಬಿಟ್ಟಾಗ ನೀವು ಒಂದು ಹಿಡಿ ಕೊಯ್ದು ತಂದಿರಿ. ನಾನು ಕೈ ಚಾಚಿದೆ. ನೀವು ಹಾವು ಕಂಡವರ ಹಾಗೆ ಕೈ ಹಿಂದಕ್ಕೆ ಎಳೆದುಕೊಂಡು, ಕಾಯಿಗಳನ್ನು ಮೆಟ್ಟಿಲ ಮೇಲೆ ಇಟ್ಟಿರಿ.

"ಮೆಣಸಿನಕಾಯಿ ಕೈಗೆ ಕೊಡಬಾರದು ಕಣೇ ರೂಪಾ, ಜಗಳ ಆಗುತ್ತೆ. ನಿನ್ನ ಹತ್ರ ಜಗಳ ಆಡ್ಕೊಂಡು ಈ ಊರಲ್ಲಿ ನಾನು ಯಾರ ಮನೆಗೆ ಹೋಗ್ಲಿ?"

ಎಷ್ಟು ನಕ್ಕಿದ್ದೆವು.

ಅಮ್ಮನಿಗೆ ಹುಷಾರಿಲ್ಲವೆಂದು ನೀವು ಹೊರಟ ಆ ವರ್ಷ, ಹೊರಡುವ ಗಡಿಬಿಡಿಯಲ್ಲೂ ಗಿಡವನ್ನು ಚಳಿಗಾಲಕ್ಕೆ ಸಿದ್ಧ ಮಾಡಿದಿರಿ. ಎಲೆಯೆಲ್ಲ ತೆಗೆದು, ಕೊಂಬೆಗಳನ್ನು ಗೇಣುದ್ದಕ್ಕೆ ಕತ್ತರಿಸಿ, ಬೇರು ತೊಳೆದು, ಹೊಸ ಮಣ್ಣು ಹಾಕಿ ಚಿಕ್ಕ ಕುಂಡಕ್ಕೆ ಇಳಿಸಿದಿರಿ. ನೋಡಿದರೆ ಬರೀ ಮೋಟು ಕಡ್ಡಿ. "ಮಲಗಿರುತ್ತೆ ಅಷ್ಟೆ, ಸತ್ತಿರಲ್ಲ. ಗರಾಜಲ್ಲಿ ಇಟ್ಬಿಡು. ಮಣ್ಣು ಪೂರ್ತಿ ಒಣಗಿದ್ರೆ ಒಂದು ಲೋಟ ನೀರು. ಜಾಸ್ತಿ ಮುದ್ದು ಮಾಡ್ಬೇಡ" ಅಂದಿರಿ.

ಅಷ್ಟೇ ಕೇಳಿದ್ದು ನೀವು. ಸುಮ್ಮನೆ ಬಿಟ್ಟಿರು ಅಂತ.

ಫೆಬ್ರವರಿಯಲ್ಲಿ ಒಂದು ದಿನ ಬಿಸಿಲು ಬಂತು. ವಾರಗಟ್ಟಲೆ ಮೋಡ ನೋಡಿದ ಮೇಲೆ ಆ ಬಿಸಿಲು — ನನಗೆ ಕೈಕಾಲೇ ನಿಲ್ಲಲಿಲ್ಲ. ಬಿಸಿಲು ಕಂಡ ಕೂಡಲೇ ಏನಾದರೂ ಒಣಹಾಕುವ ಬುದ್ಧಿ ನಮ್ಮದು. ರಜಾಯಿ, ದಿಂಬು, ಹುಳ ಬಿದ್ದಿದ್ದ ಹುರುಳಿಕಾಳು, ಎಲ್ಲ ಹಿತ್ತಲಿಗೆ ಬಂತು. ಪಾಪ, ಇದೂ ಒಂದಿಷ್ಟು ಬಿಸಿಲು ಕಾಯಲಿ ಅಂತ ನಿಮ್ಮ ಗಿಡವನ್ನೂ ತಂದಿಟ್ಟೆ. ಮಧ್ಯಾಹ್ನ ಓವರ್‌ಲೇಕ್‌ನಲ್ಲಿ ಗೆಳತಿಯ ಸೀಮಂತವಿತ್ತು. ಹೊರಡುವಾಗ ಹುರುಳಿಕಾಳನ್ನು ನೆನಪಿಟ್ಟು ಒಳಗೆ ತೆಗೆದುಕೊಂಡೆ. ರಜಾಯಿ ತೆಗೆದುಕೊಂಡೆ. ಗಿಡವನ್ನು —

ಮಾರನೆಯ ಬೆಳಿಗ್ಗೆ ಕಾರಿನ ಗಾಜಿನ ಮೇಲೆ ಮಂಜು ಗಟ್ಟಿಯಾಗಿತ್ತು. ಅದನ್ನು ಕೆರೆಯುತ್ತಿರುವಾಗ ನೆನಪಾಯಿತು. ಓಡಿದೆ. ಒಳಗೆ ತಂದು ಬೆಚ್ಚಗಿಟ್ಟೆ, ಹೀಟರ್ ಹಾಕಿದೆ, ದೇವರಿಗೂ ಹೇಳಿಕೊಂಡೆ. ಕಡ್ಡಿ ಕಪ್ಪಾಗಿ ಮೆತ್ತಗಾಯಿತು. ಉಗುರಿನಿಂದ ಸಿಪ್ಪೆ ಕೆರೆದರೆ ಒಳಗೆ ಎಲ್ಲೂ ಹಸಿರಿರಲಿಲ್ಲ.

ನಿಮಗೆ ಹೇಳಬೇಕೆಂದೇ ಇದ್ದೆ. ಅದೇ ವಾರ ನೀವೇ ಕಾಲ್ ಮಾಡಿದಿರಿ. "ಅಮ್ಮ ಹೋಗ್ಬಿಟ್ರು ಕಣೇ." ನಾವಿಬ್ಬರೂ ಅತ್ತೆವು. ಆಮೇಲೆ ಮೂಗು ಒರೆಸಿಕೊಂಡು ಕೇಳಿದಿರಿ — "ಗಿಡ ಹೇಗಿದೆ?"

"ಚೆನ್ನಾಗಿದೆ ವಿಮಲಕ್ಕ."

"ಸದ್ಯ. ಅದಾದ್ರೂ ಉಳೀತಲ್ಲ."

ಆ ಹೊತ್ತಿನ ಸುಳ್ಳನ್ನು ಕನಿಕರ ಅಂತ ಕರೆಯಬಹುದೇನೋ. ಎಷ್ಟೋ ಸಲ ಹಾಗೆ ಕರೆದುಕೊಂಡಿದ್ದೇನೆ. ಆದರೆ ಮಾರ್ಚಿನಲ್ಲಿ, ನೀವು ಬರುವ ಹಿಂದಿನ ದಿನ ಮಾಡಿದ್ದಕ್ಕೆ ಯಾವ ಹೆಸರು? ನಮ್ಮ ಲಾಂಡ್ರಿ ರೂಮಿನಲ್ಲಿ ನನ್ನದೂ ಒಂದು ಸೂಜಿಮೆಣಸಿನ ಗಿಡವಿತ್ತು, ಏಷ್ಯನ್ ಅಂಗಡಿಯ ಬಾಗಿಲಲ್ಲಿ ಮಾರಲು ಇಟ್ಟಿದ್ದರಲ್ಲ, ಆ ಜಾತಿಯದು. ಬುಡದ ಚಿಗುರೊಂದನ್ನು ಬಿಟ್ಟು ಅದನ್ನು ಗೇಣುದ್ದಕ್ಕೆ ಕತ್ತರಿಸಿದೆ, ನಿಮ್ಮ ಕುಂಡಕ್ಕೆ ಹಾಕಿದೆ, ಮೇಲೆ ನಿಮ್ಮದೇ ಮಣ್ಣು ಹರಡಿದೆ. ನಿಮ್ಮ ಅಮ್ಮನ ಗಿಡವನ್ನು ತರಕಾರಿ ಸಿಪ್ಪೆಯ ಜೊತೆ ಕಸಕ್ಕೆ ಹಾಕಿದೆ. ಕೈ ತೊಳೆದು ರಾತ್ರಿಯ ಅಡುಗೆಗೆ ನಿಂತೆ, ಅದೇ ನನಗೆ ಈಗ ಹೆದರಿಕೆ ತರುವುದು. ನೀವು ಬಂದು ಕುಂಡ ನೋಡಿ, ಸಣ್ಣ ಚಿಗುರನ್ನು ಬೆರಳಲ್ಲಿ ಮುಟ್ಟಿ, ನನ್ನನ್ನು ಅಪ್ಪಿಕೊಂಡಿರಿ.

ಆ ಬೇಸಿಗೆ ಚಟ್ನಿ ಅರೆದು ರುಚಿ ನೋಡಿ, "ಯಾಕೋ ಈ ಸಲ ಮುಂಚಿನ ಘಮ ಇಲ್ಲ" ಅಂದಿರಿ. ನಾನು ತಟ್ಟೆ ನೋಡಿಕೊಂಡು ದೋಸೆ ಮುರಿದೆ. ಆದರೆ ನೀವು ನನ್ನನ್ನು ಅನುಮಾನಿಸಲೇ ಇಲ್ಲ. "ನಾನು ಬಿಟ್ಟು ಹೋದೆ ಅಂತ ಗಿಡಕ್ಕೂ ಬೇಜಾರಾಗಿರ್ಬೇಕು" ಅಂದಿರಿ. ನನ್ನ ತಪ್ಪನ್ನು ನೀವು ಹೊತ್ತುಕೊಂಡಿರಿ, ನಾನು ಇನ್ನೊಂದು ದೋಸೆ ಹಾಕಿಸಿಕೊಂಡೆ.

ಆಮೇಲೆ ಅದರ ಬೀಜ ತೆಗೆದು ಸಸಿ ಮಾಡಿ ಹಂಚಿದಿರಿ. "ಅಮ್ಮನ ತಳಿ" ಅಂತ ನನಗೂ ಒಂದು ಕೊಟ್ಟಿರಿ. ನನ್ನ ಗಿಡದ ಸಸಿಯನ್ನೇ ನಾನು ಎರಡು ಕೈಯಲ್ಲಿ ತೆಗೆದುಕೊಂಡೆ.

ಇನ್ನೂ ಹೀಗೇ ನಡೆದುಹೋಗುತ್ತಿತ್ತೇನೋ. ಆದರೆ ನಿಮ್ಮ ಮಗಳು ಅನಘಾ ಕೆಂಟ್‌ನಲ್ಲಿ ಮನೆ ತೆಗೆದುಕೊಂಡಿದ್ದಾಳೆ. ಈ ಭಾನುವಾರ ಗೃಹಪ್ರವೇಶ. ಏನು ಬೇಕೇ ಅಂತ ನೀವು ಕೇಳಿದರೆ ಅವಳು, "ಅಮ್ಮಾ, ಐ ಜಸ್ಟ್ ವಾಂಟ್ ಅಜ್ಜೀಸ್ ಪ್ಲಾಂಟ್" ಅಂದಳು. ನೀವು ಕಣ್ಣು ಒರೆಸಿಕೊಂಡಿರಿ. ನಾನು ಪಕ್ಕದಲ್ಲೇ ಕೂತು ಕಾಫಿ ಕುಡಿಯುತ್ತಿದ್ದೆ.

ಅವಳು ಮನೆ ಹುಡುಕುತ್ತಿದ್ದಾಗಲೇ ನನಗೆ ಈ ಭಯ ಹತ್ತಿತ್ತು. ಹಿಂದೆ ನೀವು ಮೆಟ್ಟಿಲ ಮೇಲೆ ಇಟ್ಟಿದ್ದರಲ್ಲಿ ನಾನು ಒಣಗಿಸಿದ್ದ ನಾಲ್ಕು ಕಾಯಿ ಒಗ್ಗರಣೆ ಡಬ್ಬಿಯ ತಳದಲ್ಲಿ ಸಿಕ್ಕವು. ನಿಮ್ಮ ಅಮ್ಮನ ಹಾಗೆಯೇ ಮುರಿದು, ಮೊಸರಿನ ಡಬ್ಬಿಯಲ್ಲಿ ಬಿತ್ತಿ, ಫ್ರಿಜ್ಜಿನ ಮೇಲೆ ಇಟ್ಟೆ. ಒಂದಾದರೂ ಮೊಳೆತರೆ ಅದನ್ನು ಹಿಡಿದುಕೊಂಡು ಬಂದು ಹೇಳೋಣ ಅಂತ ಆಸೆ. ವಸಂತವೆಲ್ಲ ಕಾದೆ. ಒಂದೂ ಬರಲಿಲ್ಲ. ಅಮ್ಮನ ತಳಿ ಎಲ್ಲೂ ಉಳಿದಿಲ್ಲ, ವಿಮಲಕ್ಕ. ನಿಮಗೆ ಕೊಡಲು ನನ್ನ ಹತ್ತಿರ ಏನೂ ಇಲ್ಲ.

ನಾಳೆ ಬೆಳಿಗ್ಗೆ, ನೀವು ಆ ಗಿಡವನ್ನು ಕಾರಿನಲ್ಲಿ ಇಡುವ ಮೊದಲು ಬರುತ್ತೇನೆ. ನನ್ನ ಗಿಡದಿಂದ ಒಂದು ಹಿಡಿ ಹಣ್ಣು ಮೆಣಸಿನಕಾಯಿ ಕೊಯ್ದು ತರುತ್ತೇನೆ. ಮೆಟ್ಟಿಲ ಮೇಲೆ ಇಡುವುದಿಲ್ಲ. ನಿಮ್ಮ ಕೈ ಹಿಡಿದು, ಅಂಗೈ ಬಿಡಿಸಿ, ಅದರೊಳಗೇ ಇಟ್ಟು ಎಲ್ಲ ಹೇಳುತ್ತೇನೆ. ಆಗಬೇಕಾದ ಜಗಳ ಆಗಲಿ.