ಹೊಳೆ ಬೇಡವೆಂದವಳ ಬೂದಿ

ಬನಹಟ್ಟಿಯ ವಿಠೋಬಾನ ಮನೆಯಲ್ಲಿ ನಾಲ್ಕು ಪವರ್‌ಲೂಮ್ ಮಗ್ಗಗಳಿವೆ. ಅವು ಓಡುವಾಗ ಎದುರಿಗೆ ನಿಂತವರ ಮಾತು ಕೂಡ ಕಿವಿಗೆ ಬೀಳುವುದಿಲ್ಲ. ತುಟಿ ನೋಡಿ ತಿಳಿದುಕೊಳ್ಳಬೇಕು, ತಲೆಯಾಡಿಸಿ ಉತ್ತರ ಕೊಡಬೇಕು. ಮಾಘದ ಒಂದು ಮುಂಜಾನೆ ಹೆಂಡತಿ ಅನಸವ್ವ ಕಂಡಿಕೆಗೆ ನೂಲು ಸುತ್ತುವುದನ್ನು ಬಿಟ್ಟು ಎದ್ದು ಬಂದು ಎರಡನೇ ಮಗ್ಗದ ಪಕ್ಕ ನಿಂತು ಹೇಳಿದ್ದನ್ನೂ ಅವನು ಹಾಗೆಯೇ ತಿಳಿದುಕೊಂಡ.

"ನಾ ಹ್ವಾದ ಮ್ಯಾಲ ನನ್ನ ಬೂದಿ ಹೊಳಿಗೆ ಬಿಡಬ್ಯಾಡ್ರಿ."

ವಿಠೋಬಾ ತಲೆಯಾಡಿಸಿದ. ಮಗ್ಗ ನಿಲ್ಲಿಸಲಿಲ್ಲ. ಹನ್ನೊಂದಕ್ಕೆ ಕರೆಂಟ್ ಹೋಗುವುದಿತ್ತು, ನೇಯುತ್ತಿದ್ದ ಸೀರೆಯ ಸೆರಗು ಅರ್ಧಕ್ಕೆ ಬಂದಿತ್ತು. ಅವಳು ಇನ್ನೂ ಸ್ವಲ್ಪ ಹೊತ್ತು ನಿಂತಿದ್ದು, ಹೋಗಿ ಮತ್ತೆ ಕಂಡಿಕೆಗೆ ಕುಳಿತಳು.

ಯಾಕೆ ಎಂದು ಕೇಳುವ ಅಗತ್ಯವಿರಲಿಲ್ಲ. ಅನಸವ್ವನ ತವರು ಜಮಖಂಡಿ ತಾಲ್ಲೂಕಿನಲ್ಲಿ ಕೃಷ್ಣೆಯ ದಡಕ್ಕಿದೆ. ೨೦೧೯ರ ಮಹಾಪೂರದಲ್ಲಿ ಅವಳು ಅಲ್ಲಿ, ಹಾಸಿಗೆ ಹಿಡಿದ ತಾಯಿಯ ಜೊತೆ, ಮಾಳಿಗೆಯ ಮೇಲೆ ಎರಡು ರಾತ್ರಿ ಕಳೆದಿದ್ದಳು. ಕೆಳಗೆ ಕಟ್ಟಿದ್ದ ಎಮ್ಮೆ ಮೊದಲ ದಿನ ಕೂಗಿತು, ಎರಡನೇ ದಿನ ಕೂಗಲಿಲ್ಲ. ಆಮೇಲೆ ಬಸ್ಸು ಸೇತುವೆ ದಾಟುವಾಗೆಲ್ಲ ಅವಳು ಸೆರಗು ಮುಖಕ್ಕೆಳೆದುಕೊಳ್ಳುತ್ತಿದ್ದಳು.

ವೈಶಾಖದಲ್ಲಿ ಅನಸವ್ವ ತೀರಿಕೊಂಡಳು. ಕಿಡ್ನಿ ಹೋಗಿದ್ದವು. ಮೂರನೇ ದಿನ ಸುಡುಗಾಡಿನಲ್ಲಿ ನೀರು ಚಿಮುಕಿಸಿ, ಬೂದಿಯನ್ನೂ ಎಲುಬಿನ ಚೂರುಗಳನ್ನೂ ಸಣ್ಣ ಗಡಿಗೆಗೆ ತುಂಬಿ, ಬಾಯಿಗೆ ಬಿಳಿ ಬಟ್ಟೆ ಕಟ್ಟಿದರು. ಅಲ್ಲಿಂದಲೇ ಚಿಕ್ಕಪಡಸಲಗಿ ಬ್ಯಾರೇಜಿಗೆ ಹೋಗಿ ಹೊಳೆಗೆ ಬಿಡುವುದು ಅವರ ಮನೆತನದ ಪದ್ಧತಿ. ಟಂಟಂ ಗಾಡಿ ಬಂದು ನಿಂತಿತ್ತು. ವಿಠೋಬಾ ಹತ್ತಲಿಲ್ಲ.

"ಹೊಳಿ ಬ್ಯಾಡ ಅಂದಿದ್ಳು."

"ಮತ್ತ ಎಲ್ಲಿ ಅಂದಿದ್ಳು?" ಎಂದ ಅಣ್ಣ ಶಂಕರೆಪ್ಪ.

ವಿಠೋಬಾ ಗಡಿಗೆಯ ಬಟ್ಟೆಯ ಗಂಟನ್ನು ಬಿಗಿ ಮಾಡಿದ.

"ನೀ ಕೇಳ್ಲಿಲ್ಲ?"

"ಮಗ್ಗ ನಡದಿತ್ತು."

ಶಂಕರೆಪ್ಪನೂ ನೇಕಾರನೇ. "ಬಟನ್ ಒತ್ತಿದ್ರ ನಿಲ್ತಿತ್ತಲ್ಲೋ, ಹುಚ್ಚಪ್ಯಾಲಿ," ಎಂದವನು ಮುಖ ತಿರುಗಿಸಿದ. ಗಡಿಗೆಯನ್ನು ಮನೆಯೊಳಗೆ ತರುವಂತಿಲ್ಲ. ಸುಡುಗಾಡಿನ ಅಂಚಿನ ಬೇವಿನ ಮರದ ಟೊಂಗೆಗೆ ಕಟ್ಟಿ ಬಂದರು.

ಹತ್ತು ದಿನ ಸೂತಕ, ಮಗ್ಗ ಓಡಿಸುವಂತಿಲ್ಲ. ನಿಶ್ಶಬ್ದವಾದ ಮನೆಯಲ್ಲಿ ವಿಠೋಬಾ ಆ ಮುಂಜಾನೆಯನ್ನೇ ನೆನೆದು ಕೂತ. ಹೊಲವಿದ್ದವರಾದರೆ ಗಿಡದ ಬುಡಕ್ಕೆ ಹಾಕಿಯಾರು. ನೇಕಾರನ ಮನೆ ಬಾಗಿಲಿಗೇ ರಸ್ತೆ, ಹಿತ್ತಲಿಗೆ ಗಟಾರ, ಒಳಗೆಲ್ಲ ಸಿಮೆಂಟು. ಅವನದೆಂಬ ಮಣ್ಣು ಒಂದೇ ಕಡೆ ಇತ್ತು. ಅಪ್ಪನ ಕಾಲದ ಕೈಮಗ್ಗದಲ್ಲಿ ನೇಯುವವರು ಕಾಲು ಇಳಿಬಿಟ್ಟು ಕೂರುತ್ತಿದ್ದ ಕುಣಿ, ಈಗ ಮುಚ್ಚಿ ಎರಡನೇ ಮಗ್ಗದ ಕೆಳಗಿದೆ. ಮದುವೆಯಾಗಿ ಬಂದ ವರ್ಷ ಅನಸವ್ವ ನೇಯುವುದನ್ನು ಕಲಿತದ್ದು ಆ ಕುಣಿಯಲ್ಲಿ ಕೂತೇ. ಬೂದಿಯನ್ನು ಅಲ್ಲೇ ಹುಗಿಯೋಣವೆಂದು ಐದನೇ ದಿನ ಅವನು ಮಗಳು ಶ್ರೀದೇವಿಗೆ ಹೇಳಿದ. ಅವಳು ಮುಧೋಳದ ಗಂಡನ ಮನೆಯಿಂದ ಬಂದಿದ್ದಳು.

"ದೊಡ್ಡಪ್ಪ ಒಳಗ ತರಾಕ ಬಿಡಂಗಿಲ್ಲ, ಅದಿರ್ಲಿ," ಎಂದಳು ಶ್ರೀದೇವಿ. "ಅವ್ವನ್ನ ಕೆಳಗ ಮಲಗಿಸಿ ಮ್ಯಾಲ ಹಗಲಿಡೀ ಧಡಧಡ ಅನಸ್ತಿಯೇನಪಾ? ಇದ್ದಾಗರ ಕೇಳಿದ್ದು ಸಾಲಲಿಲ್ಲೇನು?"

ಏಳನೇ ದಿನ ಅವನು ಬಸ್ಸು ಹತ್ತಿ ಅನಸವ್ವನ ತಮ್ಮ ಗೂಳಪ್ಪನ ಊರಿಗೆ ಹೋದ. ಗೂಳಪ್ಪ ಅವನನ್ನು ಕಬ್ಬಿನ ಹೊಲದ ಬದುವಿಗೆ ಕರೆದೊಯ್ದು ಪಂಪ್‌ಸೆಟ್ ಕೋಣೆಯ ಗೋಡೆ ತೋರಿಸಿದ. ತಲೆಗಿಂತ ಎರಡು ಗೇಣು ಮೇಲೆ ಮಹಾಪೂರ ಬಿಟ್ಟುಹೋದ ಕೆಸರಿನ ಗೆರೆ ಇತ್ತು.

"ಮಾಮಾ, ನಂದೇನ್ ತಕರಾರಿಲ್ರಿ, ನಮ್ಮಕ್ಕನ ಹೊಲಾನ ಇದು. ಆದ್ರ ಇಲ್ಲಿ ಹುಗಿದ್ರ ಹೊಳೀನ ಬಂದು ಒಯ್ತೈತಿ. ಒಂದ್ ಛಲೋ ಅಂದ್ರ, ನೀವು ಬಿಟ್ಟಂಗ ಆಗಂಗಿಲ್ಲ."

ವಿಠೋಬಾ ಗೆರೆಯನ್ನೇ ನೋಡುತ್ತಿದ್ದ. "ಅದರ ದಾರಿ ಕಾಯ್ಕೋಂತ ಕುಂಡ್ರಸಲೇನೋ ಅಕಿನ್ನ?" ಎಂದ. ಗೂಳಪ್ಪ ಅಕ್ಕನ ಮನೆಗೆಂದು ಒಂದು ಡಬ್ಬಿ ಬೆಲ್ಲ ಕೊಟ್ಟು ಬಸ್ಸಿಗೆ ಹತ್ತಿಸಿದ.

ಒಂಬತ್ತನೇ ದಿನ ಸಂಜೆ ಶಂಕರೆಪ್ಪ ಬಂದು ಕಟ್ಟೆಯ ಮೇಲೆ ಕೂತ. ಈ ಸಲ ಬೈಯಲಿಲ್ಲ. "ತಮ್ಮಾ, ಸುಡುಗಾಡ ದಾರೀಲೆ ಬಂದೆ. ಬಟ್ಟಿ ಹರದೈತಿ, ಕಾಗಿ ಕುಕ್ಕ್ಯಾವ. ಹೊಳಿಗೆ ಬ್ಯಾಡ ಅಂದ್ಳು, ಖರೆ. ಗಿಡಕ್ಕ ಜೋತು ಹಾಕು ಅಂದಿದ್ಳೇನು?"

ವಿಠೋಬಾ ತಲೆಯಾಡಿಸಿದ. ಅದು ಹೌದೋ ಅಲ್ಲವೋ ಅವನಿಗೇ ತಿಳಿಯಲಿಲ್ಲ. ಶಂಕರೆಪ್ಪ ಅದನ್ನು ಹೊಳೆಗೆ ಒಪ್ಪಿಗೆಯೆಂದು ತಿಳಿದು ಟಂಟಂನವನಿಗೆ ಫೋನ್ ಮಾಡಿದ.

ಮರುದಿನ ಬೆಳಿಗ್ಗೆ ಚಿಕ್ಕಪಡಸಲಗಿಯಲ್ಲಿ ನೀರು ಕಡಿಮೆ ಇತ್ತು, ಇದ್ದದ್ದೂ ನಿಂತಿತ್ತು. ವಿಠೋಬಾ ಪಾದ ಮುಳುಗುವಷ್ಟು ಮಾತ್ರ ಇಳಿದ.

"ಇನ್ನೂ ಒಳಗ ಹೋಗೋ," ಶಂಕರೆಪ್ಪ ದಡದಿಂದ ಕೂಗಿದ.

"ಇಲ್ಲೇ ಸಾಕು."

ಗಡಿಗೆ ಬಗ್ಗಿಸಿದ. ಎಲುಬಿನ ಚೂರುಗಳು ಕಾಲ ಬಳಿಯೇ ತಳ ಸೇರಿದವು. ತಿಳಿನೀರಿನಲ್ಲಿ ಒಂದೊಂದೂ ಕಾಣುತ್ತಿತ್ತು. ಬೂದಿ ಮುಳುಗಲಿಲ್ಲ, ಹರಿಯಲೂ ಇಲ್ಲ. ಮೇಲೆ ತೆಳ್ಳಗೆ ಹರಡಿ, ಗಾಳಿಗೆ ತಿರುಗಿ ಬಂದು ಅವನ ಕಣಕಾಲಿಗೆ ಅಂಟಿತು.

"ಕೈಲೆ ಮುಂದ ನೂಕು. ಇಲ್ಲಾಂದ್ರ ಹೋಗಂಗಿಲ್ಲ ಅದು."

ಅವನು ಬಾಗಿ ಎರಡೂ ಅಂಗೈಯಿಂದ ನೀರು ತಳ್ಳಿದ. ಬೂದಿ ಮಾರು ದೂರ ಹೋಗಿ ಮತ್ತೆ ಬಂತು. ಮತ್ತೆ ತಳ್ಳಿದ. ಅವನು ಮೆಲ್ಲಗೆ ಆಡುತ್ತಿದ್ದ ಮಾತು ದಡದಲ್ಲಿದ್ದ ಶಂಕರೆಪ್ಪನಿಗೆ ಕೇಳಿಸಲಿಲ್ಲ, ತುಟಿ ಮಾತ್ರ ಕಂಡಿತು. ಆಳ ಇಲ್ಲ, ಆಳ ಇಲ್ಲ, ಎಂದು ಬೂದಿಗೆ ಹೇಳುತ್ತಿದ್ದ ವಿಠೋಬಾ. ಶಂಕರೆಪ್ಪ ನೀರಿಗಿಳಿದು ಬಂದು, ತಮ್ಮನ ಕಂಕುಳಲ್ಲಿದ್ದ ಖಾಲಿ ಗಡಿಗೆಯನ್ನು ಇಸಿದುಕೊಂಡು ಪಕ್ಕದಲ್ಲಿ ನಿಂತ. ವಿಠೋಬಾ ತಳ್ಳುತ್ತಲೇ ಇದ್ದ.